ಇಪ್ಪತ್ತೂವರೆ ತಾಸಿನ ಹಿಟ್ಟು

ಚೆನ್ನಯಣ್ಣಗ ಮೈಲು ಅಂದ್ರ ಏನೂ ತಿಳೀತಿರ್ಲಿಲ್ಲ. ಮಲಾಡದಿಂದ ಚರ್ಚ್‌ಗೇಟ್ ಎಷ್ಟು ದೂರ ಅಂತ ಕೇಳಿದ್ರ "ಅಕ್ಕಿಗೆ ನೀರು ಹಿಡಿಲಿಕ್ಕೆ ಶುರು ಆಗಿರ್ತದೆ, ಅಷ್ಟೇ" ಅಂತಿದ್ದ. ಅಂದ್ರ ಅಕ್ಕಿ ನೆನಿಲಿಕ್ಕೆ ಹಾಕಿ ಲೋಕಲ್ ಟ್ರೇನ್ ಹತ್ರಿ, ಇಳಿಯೋ ಹೊತ್ತಿಗೆ ಅದು ಅಷ್ಟರ ಮಟ್ಟಿಗೆ ನೆನ್ದಿರ್ತೈತಿ ಅಂತ. ಪುಣಾ ಅಂದ್ರ "ಉದ್ದು ನೆನೆದು ಆಯ್ತು". ಅವನ ಊರು ಮೂಲ್ಕಿ ಕಡೆ, ಅದು "ಐದು ಹಿಟ್ಟು ದೂರ". ಒಂದರ ಮ್ಯಾಲೊಂದು ಐದು ಸಲ ಇಡ್ಲಿ ಹಿಟ್ಟು ಹುಳಿ ಬರೋವಷ್ಟು ಹೊತ್ತು. ನಾನು ಕಾಲೇಜಿನಾಗ ಇದನ್ನ ಹೇಳಿದ್ರ ನನ್ನ ಫ್ರೆಂಡ್ಸ್ ಎಲ್ಲಾ ಬಿದ್ದು ಬಿದ್ದು ನಗೋರು, ಆದ್ರ ನನಗ ಇದು ಎಷ್ಟು ಸೇರ್ತಿತ್ತು ಅಂದ್ರ ನಾನೂ ದಾದರದಾಗ ಟ್ರೇನ್ ನಿಂತಾಗ ಈಗ ಅಕ್ಕಿ ಎಷ್ಟು ನೆನ್ದಿರಬೇಕು ಅಂತ ವಿಚಾರ ಮಾಡ್ತಿದ್ದೆ.

ಮಲಾಡ ಸ್ಟೇಶನ್ನಿನ ಎದುರಿಗೆ ರಮಾನಾಥ ಶೆಟ್ರ ಹೋಟೆಲ್, ಅದರ ಹಿಂದ ನಮ್ಮ ಚಾಳು. ನಮ್ಮ ಖೋಲಿ ಗ್ಯಾಲರಿಯಿಂದ ಬಗ್ಗಿದ್ರ ಸೀದಾ ಹೋಟೆಲಿನ ಹಿತ್ತಲು, ಅಲ್ಲೇ ಆ ದೊಡ್ಡ ಕಲ್ಲು, ಕಲ್ಲಿನ ಮುಂದ ಚೆನ್ನಯಣ್ಣ. ಹದಿನೇಳು ವರ್ಷದಿಂದ ಅಲ್ಲೇ ಕೂತಾನ ಅಂವ. ನಾವು ರುಬ್ಬೋದು ಅಂತೇವಿ, ಅವರು ಕಡೆಯುದು ಅಂತಾರ. ಕಡದು ಕಡದು ಅವನ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಮ್ಯಾಲೆ ನಿಂತುಬಿಟ್ಟಿತ್ತು, ಅಂಗಿ ಹಾಕ್ಕೊಂಡ್ರ ಒಂದು ಕಡೆ ಜಗ್ಗಿದಂಗ ಕಾಣ್ತಿತ್ತು. ಮುಂಜಾನೆ ಹಿಟ್ಟಿನ ಹಂಡೇಕ್ಕ ಕಿವಿ ಹಚ್ಚಿ ಕೇಳಾಂವ, ಒಳಗ ಗುಳ್ಳಿ ಒಡಿಯೋ ಸಪ್ಪಳಾ ಕೇಳಿ ಇನ್ನೂ ಅರ್ಧಾ ತಾಸು ಬೇಕೋ ಬ್ಯಾಡೋ ಹೇಳಾಂವ. ನಮ್ಮವ್ವ ಅಂತಿದ್ಲು, "ನೋಡ ಚಂಪಾ, ಆ ಮನಶ್ಯಾ ಹಿಟ್ಟಿನ ಜೋಡಿ ಮಾತಾಡ್ತಾನ, ಮಂದಿ ಜೋಡಿ ಆಡೂದಿಲ್ಲ."

ನನ್ನ ಜೋಡಿ ಆಡ್ತಿದ್ದ. ನಾನು ಮ್ಯಾಲಿಂದ, ಅಂವ ಕೆಳಗಿಂದ. ವಿಮಾನ ಹಾದು ಹೋದ್ರ ಸಾಕು, ಕಲ್ಲು ನಿಲ್ಲಿಸಿ ತಲಿ ಎತ್ತಿ ಕೇಳಾಂವ, "ಚಂಪಕ್ಕ, ಇದು ಎಲ್ಲಿಗೆ ಹೋಗುದು?" ನಾನು ನನಗ ಗೊತ್ತಿಲ್ಲದಿದ್ರೂ ಕೈರೋ, ನೈರೋಬಿ, ಸಿಂಗಾಪುರ ಅಂತ ಬಾಯಿಗೆ ಬಂದದ್ದು ಹೇಳಾಕಿ. ಅಂವ ಕೇಳಾಂವ, "ಎಷ್ಟು ಹಿಟ್ಟು?"

ಐವತ್ನಾಲ್ಕರ ನವೆಂಬರದಾಗ ಒಂದು ಸುದ್ದಿ ಬಂತು. ಶೆಟ್ರಿಗೆ ಲಂಡನ್ನಿನಾಗ ಒಬ್ಬ ಗುಜರಾಥಿ ಪಾರ್ಟ್ನರ್ ಸಿಕ್ಕಿದ್ದ. ಅಲ್ಲಿ ಇಡ್ಲಿ ಹೋಟೆಲ್ ತಗೀಯೋಣು ಅಂತ ಅವನ ಮಾತು, ಆದ್ರ ಮೊದಲ ಮಲಾಡದ ಇಡ್ಲಿ ತಿಂದು ನೋಡ್ಬೇಕು ಅಂತ ಹಟಾ. ವಿಮಾನದ ಟಿಕೀಟೂ ಅವನೇ ಕಳಿಸಿದ್ದ. ಇಡ್ಲಿ ಮಾಡಿ ಒಯ್ದ್ರ ಒಣಗಿ ಕಲ್ಲಾಗ್ತಾವ, ಅಲ್ಲೇ ರುಬ್ಬಿದ್ರ ಅಲ್ಲಿನ ನೀರು ಬ್ಯಾರೆ, ಚಳಿ ಬ್ಯಾರೆ. ಅದಕ್ಕ ಶೆಟ್ರು ನಿಶ್ಚೈ ಮಾಡಿದ್ರು: ಹಿಟ್ಟನ್ನ ಡಬ್ಬಿಯೊಳಗ ಹಾಕ್ಕೊಂಡು ತಾವ ವಿಮಾನದಾಗ ಒಯ್ಯೋದು, ಲಂಡನ್ ಮುಟ್ಟೋ ಹೊತ್ತಿಗೆ ಅದು ಹದಕ್ಕ ಬಂದಿರಬೇಕು, ಇಳಿದ ಕೂಡ್ಲೇ ಹಬೆಗೆ ಇಡಬೇಕು.

ಆ ಮಧ್ಯಾಹ್ನ ಹಿತ್ತಲದಾಗ ಶೆಟ್ರು ಚೆನ್ನಯಣ್ಣನ ಮುಂದ ಬಂದು ನಿಂತದ್ದು ನಾನು ನೋಡೇನಿ, ಮಾತೂ ಕೇಳೇನಿ.

"ಚೆನ್ನಯ, ನಿನ್ನ ಭುಜ ಹೋಯ್ತಲ್ಲ."

"ಇಲ್ಲ ಧಣಿ, ಬೆಳಿಗ್ಗೆ ಮಾತ್ರ ಸ್ವಲ್ಪ ಹಿಡಿಯುದು."

"ಸುಳ್ಳು ಹೇಳ್ಬೇಡ. ಮೊನ್ನೆ ಇಡೀ ದಿನ ಕೊರಗಪ್ಪ ಕಡೆದದ್ದು ನನಗೆ ಗೊತ್ತುಂಟು. ಕೇಳು ಈಗ. ಹಿಟ್ಟು ಲಂಡನಿನಲ್ಲಿ ಸರಿ ಬಂದ್ರೆ ನಿನ್ನನ್ನು ಅಲ್ಲಿಗೆ ಕರೆಸ್ತೇನೆ. ಅಲ್ಲಿ ಕರೆಂಟಿನ ಮಿಶನ್ ಹಾಕುದು, ನೀನು ಕೂತು ಹದ ನೋಡಿದ್ರೆ ಸಾಕು. ಸರಿ ಬರ್ಲಿಲ್ಲ ಅಂದ್ರೆ ಊರಿಗೆ ಹೋಗು. ಕಲ್ಲು ಹೇಗೂ ಇನ್ನು ಕೊರಗಪ್ಪನಿಗೆ."

ಕೊರಗಪ್ಪ ಚೆನ್ನಯಣ್ಣನ ಊರಿನಾಂವನ, ಇಪ್ಪತ್ತೈದು ವರ್ಷದ ಗಟ್ಟಿ ಆಳು. ಚೆನ್ನಯಣ್ಣನೇ ಅವನ್ನ ಕರಕೊಂಡು ಬಂದು ಹೋಟೆಲಿಗೆ ಹಚ್ಚಿದ್ದ. ಕೊರಗಪ್ಪ ಬಾಗಿಲಿಗೆ ಆತುಕೊಂಡು ನಿಂತು ಹಲ್ಲು ಚುಚ್ಚಿಕೋತ ಎಲ್ಲಾ ಕೇಳ್ಕೊಂಡ. ಶೆಟ್ರು ಹೋದ ಮ್ಯಾಲೆ ಅಂದ, "ಅಣ್ಣ, ಲಂಡನಿಗೆ ಹೋದ್ರೆ ಅಲ್ಲಿ ರಾಣಿಗೆ ಇಡ್ಲಿ ಕೊಡುವಾಗ ಅಂಗಿ ಸರಿ ಮಾಡ್ಕೊ. ಒಂದು ತೋಳು ಮೇಲೆ, ಒಂದು ತೋಳು ಕೆಳಗೆ, ಅವಳು ಹೆದರ್ತಾಳೆ."

ಚೆನ್ನಯಣ್ಣ ಅವನ ಕಡೆ ನೋಡ್ಲೇ ಇಲ್ಲ. ಮ್ಯಾಲೆ ನನ್ನ ಕಡೆ ನೋಡಿದ. "ಚಂಪಕ್ಕ, ನೀವು ಓದಿದವರು. ಲಂಡನಿಗೆ ಎಷ್ಟು ಹೊತ್ತು ಅಂತ ಒಂದು ಸರಿಯಾಗಿ ನೋಡಿ ಹೇಳ್ತೀರಾ? ಅಂದಾಜು ಬೇಡ. ಸರಿಯಾಗಿ ಬೇಕು."

ನನಗೋ ಹಬ್ಬ. ಆವಾಗ ನಾನು ಫಸ್ಟ್ ಇಯರ್ ಸಾಯನ್ಸ್. ನನ್ನ ಒಬ್ಬ ಕ್ಲಾಸ್‌ಮೇಟ್‌ಳ ಅಪ್ಪ ಟ್ರಾವೆಲ್ ಆಫೀಸಿನಾಗ ಇದ್ರು, ಅವರ ಕಡಿಂದ ವಿಮಾನದ ಟೈಮ್‌ಟೇಬಲ್ ತಂದೆ. ಏನ್ ಬುಕ್ ಅದು, ನುಣುಪು ಕಾಗದ, ನಡುವ ಒಂದು ಮ್ಯಾಪ್, ಮ್ಯಾಪಿನ ಮ್ಯಾಲೆ ಕೆಂಪು ಗೆರಿ ಹಾರ್ಕೋತ ಹೋಗ್ಯಾವ. ಸಂಜಿ ಮುಂದ ಹೋಟೆಲಿನ ಗಲ್ಲಾದ ಹತ್ರ ನಾವು ಮೂವರು ಅದರ ಮ್ಯಾಲೆ ಬಗ್ಗಿದ್ವಿ. ನಾನು, ಚೆನ್ನಯಣ್ಣ, ಗಲ್ಲಾದ ಮ್ಯಾಲಿನ ದೂಜಣ್ಣ. ಈ ದೂಜಣ್ಣ ನಾಲ್ಕನೇ ಇಯತ್ತೆ ಪಾಸು, ಆದ್ರ ಮಾತು ಬ್ಯಾರಿಸ್ಟರಂದು.

"ನಾಲ್ಕೂವರೆ ಸಾವಿರ ಮೈಲು" ಅಂದೆ ನಾನು.

"ಮೈಲು ಬಿಡಿ, ಹೊತ್ತು ಹೇಳಿ."

"ಸಾಂತಾಕ್ರೂಜ್ ಏರ್‌ಪೋರ್ಟ್ ಬಿಡೋದು ಮುಂಜಾನೆ ಹನ್ನೊಂದಕ್ಕ. ಆಮ್ಯಾಲೆ ಕೈರೋ, ಆಮ್ಯಾಲೆ ರೋಮ್. ಲಂಡನ್ ಮುಟ್ಟೋದು ಮಾರನೇ ದಿನ ಮುಂಜಾನೆ ಏಳೂವರೆಗೆ."

ಚೆನ್ನಯಣ್ಣ ಬೆರಳಿನ ಗೆಣ್ಣು ಎಣಿಸಿದ, ನಾನು ಬಾಯಾಗ ಎಣಿಸಿದೆ, ಇಬ್ಬರದೂ ಒಂದ ಉತ್ತರ ಬಂತು. ಇಪ್ಪತ್ತೂವರೆ ತಾಸು. ನಾಲ್ಕೂವರೆ ಸಾವಿರ ಮೈಲು, ಇಪ್ಪತ್ತೂವರೆ ತಾಸು. ನಾನು ಅದನ್ನ ನಾಲ್ಕು ಸಲ ಅಂದೆ, ಅಷ್ಟು ಚಂದ ಕೇಳ್ತಿತ್ತು.

ಆದ್ರ ಚೆನ್ನಯಣ್ಣ ಶಾಣ್ಯಾ. ಅಂವ ಕೇಳಿದ, "ಇದು ಯಾವ ಟೈಮು? ಬಾಂಬೆ ಟೈಮಾ, ರೈಲ್ವೆ ಟೈಮಾ? ಡಬ್ಬಿ ಮುಚ್ಚುವ ಹೊತ್ತು ಸರಿಯಾಗಿ ಗೊತ್ತಾಗ್ಬೇಕಲ್ಲ."

ಈಗಿನ ಹುಡುಗರಿಗೆ ಇದು ಗೊತ್ತೂ ಇರಂಗಿಲ್ಲ, ಆದ್ರ ಆಗ ಬಾಂಬೆದಾಗ ಎರಡು ಟೈಮ್ ಇದ್ವು. ರೈಲ್ವೆದ್ದು ದೇಶದ ಸ್ಟ್ಯಾಂಡರ್ಡ್ ಟೈಮ್. ಹಳೇ ಬಾಂಬೆ ಟೈಮ್ ಅದಕ್ಕಿಂತ ಮೂವತ್ತೊಂಬತ್ತು ಮಿನಿಟು ಹಿಂದ. ಊರಾಗ ಕೆಲವು ಗಡಿಯಾರ ಹಂಗ, ಕೆಲವು ಹಿಂಗ. ಮೂವತ್ತೊಂಬತ್ತು ಮಿನಿಟಿನಾಗ ಹಿಟ್ಟು ಕೆಡ್ತೈತೇನು ಅಂತ ನಾ ಕೇಳಿದೆ. "ಕೆಡುದಿಲ್ಲ ಚಂಪಕ್ಕ, ಆದ್ರೆ ಒಳ್ಳೆದಕ್ಕೂ ಬಹಳ ಒಳ್ಳೆದಕ್ಕೂ ನಡುವೆ ಇರುದು ಅಷ್ಟೇ ಹೊತ್ತು" ಅಂದ.

ಹುಡುಕಿದ್ವಿ. ಪುಟದ ತಳಕ್ಕ ಇರುವಿ ಸಾಲಿನಂಥಾ ಅಕ್ಷರದಾಗ ಬರ್ದಿತ್ತು. ನಾನು ಓದಿದೆ, "ಆಲ್ ಟೈಮ್ಸ್ ಲೋಕಲ್."

ದೂಜಣ್ಣ ಟೇಬಲ್ ಬಡದ. "ಹಾಂ, ಬಂತಲ್ಲ. ಲೋಕಲ್ ಅಂದ್ರೆ ರೈಲ್ವೆ ಟೈಮು."

ಚೆನ್ನಯಣ್ಣ ನನ್ನ ಮಾರಿ ನೋಡಿದ. ನಾನು ದಿನಾ ಎಂಟೂ ಹನ್ನೆರಡರ ಲೋಕಲ್ಲಿಗೆ ಹೋಗಾಕಿ, ಎಂಟೂ ಹನ್ನೊಂದಕ್ಕ ಜಿನಾದ ಮೆಟ್ಟಲಾ ಇಳಿದು ಓಡಾಕಿ. ನನ್ನ ಜೀವನದಾಗ ಲೋಕಲ್ ಅಂದ್ರ ಅದೊಂದ. "ಹೌದು, ಹೌದು. ಲೋಕಲ್ ಟ್ರೇನಿನ ಟೈಮು" ಅಂದೆ. ಚೆನ್ನಯಣ್ಣಗ ಸಮಾಧಾನ ಆತು. ಮೂವತ್ತೊಂಬತ್ತು ಮಿನಿಟಿನ ತಂಟೆ ಇಲ್ಲ.

ಆಮ್ಯಾಲಿನ ಎರಡು ವಾರ ನಾನು ನೋಡಿದ್ದು ನಮ್ಮ ಕಾಲೇಜಿನ ಯಾವ ಲ್ಯಾಬೊರೇಟರಿಯೊಳಗೂ ನೋಡಿಲ್ಲ. ಮಲಾಡದಾಗ ಹಿಟ್ಟು ಒಂಬತ್ತು ತಾಸಿಗೆ ಹುಳಿ ಬರ್ತೈತಿ. ಅದನ್ನ ಇಪ್ಪತ್ತೂವರೆ ತಾಸು ಎಳೀಬೇಕು. ಚೆನ್ನಯಣ್ಣ ಬರ್ಫಿನ ನೀರಾಗ ಉದ್ದು ನೆನಿ ಹಾಕಿದ. ಕಲ್ಲು ಬಿಸಿ ಆಗಬಾರ್ದು ಅಂತ ನಡುನಡುವ ನಿಲ್ಲಿಸಿ ಕೈ ಇಟ್ಟು ನೋಡಿದ. ಉಪ್ಪು ಹಾಕಲಿಲ್ಲ, ಉಪ್ಪಿನ ಪುಡಿಕಿ ಬ್ಯಾರೆ. ಡಬ್ಬಿಗೆ ಹಸಿ ಗೋಣಿತಟ್ಟು ಸುತ್ತಿದ. ಮುಚ್ಚಳಕ್ಕ ಒಂದು ಮೊಳಿ ತೂತು. ಮ್ಯಾಲೆ ಆರು ಬೆರಳು ಜಾಗ ಖಾಲಿ, ಹಿಟ್ಟು ಏರಲಿಕ್ಕೆ. ಮೂರು ಸಲ ಹಿಂಗ ಮಾಡಿ ಹನ್ನೊಂದಕ್ಕ ಮುಚ್ಚಿ ಮಾರನೇ ದಿನ ಏಳೂವರೆಗೆ ತಗದ. ಮೂರನೇ ಸಲದ ಇಡ್ಲಿ ನನಗ ಕೊಟ್ಟ. ಅದನ್ನ ನಾ ಹೆಂಗ ಹೇಳ್ಲಿ, ಬಾಯಾಗ ಇಟ್ಟದ್ದು ಗೊತ್ತಾತು, ನುಂಗಿದ್ದು ಗೊತ್ತಾಗ್ಲಿಲ್ಲ.

"ಲಂಡನಿನವರು ಇದನ್ನು ತಿಂದ್ರೆ?" ಅಂತ ಕೇಳಿದ. ಹದಿನೇಳು ವರ್ಷದಾಗ ಅಂವ ಹಂಗ ನಕ್ಕಿದ್ದು ನಾ ಮೊದಲ ಸಲ ನೋಡಿದ್ದು ಅಂತ ನಮ್ಮವ್ವನೂ ಅಂದ್ಲು.

ಹೊಂಟ ದಿನ ನಾವೆಲ್ಲಾ ಸಾಂತಾಕ್ರೂಜ್‌ಗೆ ಹೋದ್ವಿ. ಲೋಕಲ್ ಡಬ್ಬಿಯೊಳಗ ಸೀಟು ಸಿಕ್ಕಿದ್ರೂ ಚೆನ್ನಯಣ್ಣ ಕೂಡ್ಲಿಲ್ಲ, ಹಿಟ್ಟಿನ ಡಬ್ಬಿ ಎದಿಗೆ ಅವಚಿ ನಿಂತ. ಶೆಟ್ರು ಹೊಸ ಬೂದಿ ಬಣ್ಣದ ಸೂಟಿನಾಗ ಇದ್ರು. ಅಂವ ಅವರ ಮುಂದ ನಿಂತು ಹೇಳಿದ, "ಧಣಿ, ಕಾಲಡಿ ಇಡಿ, ಕೆಳಗೆ ಪೆಟ್ಟಿಗೆ ಜೊತೆ ಹಾಕ್ಬೇಡಿ. ಇಳಿದ ಕೂಡ್ಲೇ ಉಪ್ಪು ಹಾಕಿ. ಒಂದು ಗಂಟೆ ತಡ ಆದ್ರೂ..."

"ನೀನು ನನಗೆ ಇಡ್ಲಿ ಕಲಿಸ್ತೀಯಾ?" ಅಂದ್ರು ಶೆಟ್ರು, ಡಬ್ಬಿ ಇಸ್ಕೊಂಡ್ರು. ವಿಮಾನ ಏರಿದ್ದು ಸರಿಯಾಗಿ ಹನ್ನೊಂದಕ್ಕ ನಾಲ್ಕು ಮಿನಿಟು ಆದ ಮ್ಯಾಲೆ. ಆ ನಾಲ್ಕು ಮಿನಿಟಿಗೂ ಚೆನ್ನಯಣ್ಣನ ಮಾರಿ ಸಣ್ಣದಾಗಿತ್ತು.

ಮೂರನೇ ದಿನ ತಾರು ಬಂತು. ದೂಜಣ್ಣ ನನ್ನ ಕೂಗಿ ಕರದ, ನಾನು ಎರಡೆರಡು ಮೆಟ್ಟಲಾ ಹಾರಿ ಇಳಿದೆ. ಇಂಗ್ಲಿಷ್ ಅಕ್ಷರ, ಕನ್ನಡ ಮಾತು, ಎರಡ ಶಬ್ದ. "ಹಿಟ್ಟು ಉಕ್ಕಿತು." ಕೆಳಗ ರಮಾನಾಥ.

ಮೊದಲ ದೂಜಣ್ಣನೇ ಶುರು ಮಾಡಿದ. "ಅರ್ಥ ಆಯ್ತಾ? ಹೊಸ ಮನೆ ಒಕ್ಕಲಲ್ಲಿ ಹಾಲು ಉಕ್ಕಿಸುದಿಲ್ವಾ? ಉಕ್ಕಿದ್ರೆ ಶುಭ. ಲಂಡನ್ ಹೋಟೆಲಿಗೆ ಹಿಟ್ಟು ಉಕ್ಕಿತು ಅಂತ ಬರ್ದಿದ್ದಾರೆ ಧಣಿ. ಎಂಥ ತಲೆ ನೋಡಿ ಅವರದ್ದು."

ಚೆನ್ನಯಣ್ಣ ಕೇಳಿದ, "ಹುಳಿ ಬಂತು ಅಂತ ಬರೀಲಿಲ್ಲ?"

"ತಾರಿನಲ್ಲಿ ಹುಳಿ ಅಂತ ಯಾರು ಬರೀತಾರೆ ಮಾರಾಯ. ಶುಭದ ಮಾತು ಬರೀತಾರೆ."

ನಾನೂ ಹೌದಂದೆ. ನಾವು ಬೊರಿವಲಿಯೊಳಗ ನಮ್ಮ ಕಾಕಾನ ಮನಿ ಶಾಂತಿಗೆ ಹೋದಾಗ ಹಾಲು ಉಕ್ಕಿದ್ದಕ್ಕ ಹೆಂಗಸರೆಲ್ಲಾ ಎಷ್ಟು ಸಂತೋಷ ಪಟ್ಟಿದ್ರು. ಚೆನ್ನಯಣ್ಣಗೂ ನಂಬಿಕಿ ಬಂತು. ಗಿರಾಕಿಗಳು ಬಂದು ಕೈ ಕುಲುಕಿದ್ರು. ಕಾಂದಿವಲಿ ಮಿಲ್ಲಿನ ಫೋರ್‌ಮನ್ ಒಬ್ಬ ಅವನಿಗೆ ಸಿಗರೇಟ್ ಕೊಟ್ಟ, ಸೇದಲಿಕ್ಕೆ ಬರ್ಲಿಲ್ಲ, ಕಿವಿ ಮ್ಯಾಲೆ ಇಟ್ಕೊಂಡ.

ಆ ಶುಕ್ರವಾರ ಚೆನ್ನಯಣ್ಣ ಎಲ್ಲರ ಮುಂದ ಕಲ್ಲಿಗೆ ಅರಿಶಿಣ ಕುಂಕುಮ ಹಚ್ಚಿ, ವೀಳ್ಯದ ಎಲಿ ಮ್ಯಾಲೆ ತೆಂಗಿನಕಾಯಿ ಇಟ್ಟು ಕೊರಗಪ್ಪನ ಕೈಯಾಗ ಕೊಟ್ಟ. ಅಟ್ಟದ ಮ್ಯಾಲೆ ಕಿಡಕಿ ಪಕ್ಕ ಚೆನ್ನಯಣ್ಣ ಮಲಗೋ ಜಾಗಾ ಇತ್ತು, ಇಡೀ ಹೋಟೆಲಿನಾಗ ಗಾಳಿ ಬರೋದು ಅದೊಂದ. ಅದನ್ನೂ ಕೊಟ್ಟ. ಹಾಸಿಗಿ ಕೊಟ್ಟ. "ಇನ್ನು ನನಗೆ ಯಾಕೆ?" ಅಂದ. ಚೋರ್ ಬಾಜಾರಕ್ಕ ಹೋಗಿ ಒಂದು ಉಣ್ಣಿ ಕೋಟು ತಂದ, ದಪ್ಪಂದ್ರ ದಪ್ಪ, ಯಾವದೋ ಹಡಗಿನ ಸಾಹೇಬಂದು, ಗುಂಡಿ ಮ್ಯಾಲೆ ಲಂಗರಿನ ಚಿತ್ರ. ಅದನ್ನ ಹಾಕ್ಕೊಂಡು ಮಲಾಡದ ಮಧ್ಯಾಹ್ನದಾಗ ಕೂಡಾಂವ. ಬೆವರಿನ ಹನಿ ಮೂಗಿನ ತುದಿಯಿಂದ ತೊಟ್ಟಿಕ್ಕೋದು. ರೂಢಿ ಆಗ್ಬೇಕಲ್ಲ ಅಂತಿದ್ದ. ಕೊರಗಪ್ಪ ಕಲ್ಲಿನ ಮುಂದ ಕೂತು "ಲಂಡನ್ ಸಾಹೇಬ್ರೇ, ಕಿಟಕಿ ಹಾಕ್ಲಾ, ಹಿಮ ಒಳಗೆ ಬರ್ತದೆ" ಅಂತಿದ್ದ, ಹೋಟೆಲ್ ಮಂದಿಯೆಲ್ಲಾ ನಗೋರು, ಚೆನ್ನಯಣ್ಣನೂ ನಗಾಂವ. ಸಂಜಿಗೆ ನಾನು ಇಂಗ್ಲಿಷ್ ಕಲಿಸ್ತಿದ್ದೆ. "ಸರ್, ಬ್ಯಾಟರ್ ಈಸ್ ರೆಡಿ." ಅಂವ ಕೋಟಿನ ಗುಂಡಿ ಹಾಕ್ಕೊಂಡ ಅದನ್ನ ಹೇಳಾಂವ.

ಜನವರಿ ಮೊದಲನೇ ವಾರ. ನಮ್ಮ ಪ್ರೊಫೆಸರ್ ಒಂದು ಆರೆಂಜ್ ಹಣ್ಣು ತಂದು, ಅದಕ್ಕ ಟಾರ್ಚ್ ಬಿಟ್ಟು ಭೂಮಿ ತಿರುಗೋದು ತೋರ್ಸಿದ್ರು. ಹದಿನೈದು ಡಿಗ್ರಿಗೆ ಒಂದು ತಾಸು. ಇಲ್ಲಿ ಮಧ್ಯಾಹ್ನ ಆದ್ರ ಅಲ್ಲಿ ಇನ್ನೂ ಮುಂಜಾನೆ. ಸಾಲಿಯೊಳಗ ಓದಿದ್ದ, ಬಾಯಿಪಾಠ ಮಾಡಿದ್ದ, ಆದ್ರ ಅವತ್ತ ನೋಡ್ರಿ, ಆರೆಂಜ್ ತಿರುಗಿದಂಗ ನನ್ನ ತಲಿಯೊಳಗ ಒಂದು ದೀಪ ಹತ್ತಿತು. ಲಂಡನ್ನಿನಾಗ ಏಳೂವರೆ ಆದಾಗ ಮಲಾಡದಾಗ ಮಧ್ಯಾಹ್ನ ಒಂದು ಗಂಟೆ. ಲೋಕಲ್ ಅಂದ್ರ ಆಯಾ ಊರಿನ ಟೈಮು. ವಿಮಾನ ಹಾರಿದ್ದು ಇಪ್ಪತ್ತೂವರೆ ಅಲ್ಲ, ಇಪ್ಪತ್ತಾರು ತಾಸು. ಐದೂವರೆ ತಾಸು ಹೋಗಿದ್ದು ಯಾರಿಗೂ ಗೊತ್ತಾಗಿಲ್ಲ, ಗಡಿಯಾರದೊಳಗ ಅಡಗಿ ಕೂತಾವ. ನನಗ ಹುಚ್ಚು ಹಿಡಿಯೋದೊಂದು ಬಾಕಿ. ಇಡೀ ಲೋಕಲ್ ಡಬ್ಬಿಯೊಳಗ ಒಬ್ಬಾಕಿನ ನಗಕೋತ ಬಂದೆ, ಇದನ್ನ ಮೊದಲ ಚೆನ್ನಯಣ್ಣಗ ಹೇಳ್ಬೇಕು, ಈ ಲೆಕ್ಕ ಅವನಷ್ಟು ಯಾರಿಗೂ ಸೇರಂಗಿಲ್ಲ ಅಂತ.

ಹಿತ್ತಲದಾಗ ಕೊರಗಪ್ಪ ಕಡೀತಿದ್ದ, ಚೆನ್ನಯಣ್ಣ ಕೋಟು ಹಾಕ್ಕೊಂಡು ಬಾಜೂಕ್ಕ ಕೂತಿದ್ದ. ನಾನು ಚೀಲಾ ಸುದ್ದಾ ಇಳಿಸಲಿಲ್ಲ. ಒಂದ ಉಸಿರಿನಾಗ ಎಲ್ಲಾ ಹೇಳಿದೆ, ಆರೆಂಜ್, ಟಾರ್ಚ್, ಸೂರ್ಯ, ಹದಿನೈದು ಡಿಗ್ರಿ. "ಚೆನ್ನಯಣ್ಣ, ವಿಮಾನ ಸೂರ್ಯನ ಹಿಂದ ಓಡ್ತೈತಿ. ಅದಕ್ಕ ಹೊತ್ತು ಕಮ್ಮಿ ಕಾಣ್ತೈತಿ. ಖರೇ ಹೊತ್ತು ಇಪ್ಪತ್ತಾರು ತಾಸು."

ಅಂವ ಬೆರಳಿನ ಗೆಣ್ಣು ಎಣಿಸಿದ. ಹೊಳ್ಳಿ ಎಣಿಸಿದ.

"ಇಪ್ಪತ್ತಾರು."

"ಹೌದು."

"ನಾನು ಆರು ಬೆರಳು ಜಾಗ ಬಿಟ್ಟಿದ್ದೆ ಚಂಪಕ್ಕ. ಇಪ್ಪತ್ತೊಂದಕ್ಕೆ ಸಾಕು ಅದು. ಇಪ್ಪತ್ತಮೂರಕ್ಕೆ ಮುಚ್ಚಳ ಮುಟ್ತದೆ. ಇಪ್ಪತ್ತಾರಕ್ಕೆ..." ಅಷ್ಟಕ್ಕ ನಿಲ್ಲಿಸಿದ. ಆಮ್ಯಾಲೆ ಭಾಳ ಸಣ್ಣ ದನಿಲೆ ಅಂದ, "ಧಣಿ ಸರಿಯಾಗಿಯೇ ಬರ್ದಿದ್ದಾರೆ. ಉಕ್ಕಿತು ಅಂದ್ರೆ ಉಕ್ಕಿತು."

ನನ್ನ ನಗು ಬಾಯಾಗ ಹಂಗ ಉಳೀತು. ನಾನು ಸುಖದ ಸುದ್ದಿ ತಂದೇನಿ ಅಂತ ಓಡಿ ಬಂದಿದ್ದೆ.

ಕಲ್ಲು ನಿಂತಿತ್ತು. ಕೊರಗಪ್ಪ ಕೇಳಿದ, "ಎಂಥ ಅಣ್ಣ? ಎಂಥ ಉಕ್ಕಿದ್ದು?"

"ಎಂಥದೂ ಇಲ್ಲ. ನೀನು ಉದ್ದಿಗೆ ನೀರು ಹಾಕು, ಒಣಗಿತು."

ನನ್ನ ಜೋಡಿ ಜಿನಾದ ತನಕ ಬಂದ. ಶೆಟ್ರು ಬರಲಿಕ್ಕೆ ಇನ್ನೂ ಹತ್ತು ದಿನ ಇತ್ತು. "ಯಾರಿಗೂ ಹೇಳ್ಬೇಡಿ" ಅಂದ. "ಏನೋ ಒಂದು, ಧಣಿಗೆ ಅಲ್ಲಿ ಬೇರೆ ರೀತಿ ಅನ್ನಿಸಿರ್ಲಿಕ್ಕೂ ಸಾಕು. ಸ್ವಲ್ಪ ಉಕ್ಕಿರ್ಬಹುದು. ಉಳಿದದ್ದು ಸರಿ ಇದ್ದಿರ್ಬಹುದು." ಅಂವ ಹಂಗ ಅನ್ನೋವಾಗ ನನ್ನ ಮಾರಿ ನೋಡ್ತಿರ್ಲಿಲ್ಲ.

ಆ ಹತ್ತೂ ದಿನ ಅಂವ ಕೋಟು ಬಿಡಲಿಲ್ಲ. ಬಿಟ್ರ ಯಾಕ ಅಂತ ಕೇಳ್ತಾರಲ್ಲ. ದೂಜಣ್ಣ ಪ್ರತಿ ಗಿರಾಕಿಗೂ "ನೋಡಿ, ಇವ್ರೇ ಲಂಡನಿಗೆ ಹೋಗುವವರು" ಅಂತ ತೋರ್ಸೋದು, ಅವರು ಅಲ್ಲಿಂದ ಒಂದು ಫೋಟೋ ಕಳ್ಸು, ಒಂದು ಬ್ಲೇಡು ಕಳ್ಸು ಅನ್ನೋದು, ಇಂವ ಆಗ್ಲಿ ಆಗ್ಲಿ ಅನ್ನೋದು. ಹಾಸಿಗಿ ಕೊಟ್ಟುಬಿಟ್ಟಿದ್ನಲ್ಲ, ಕಟ್ಟಿಗಿ ಖೋಲಿಯೊಳಗ ಗೋಣಿಚೀಲದ ಮ್ಯಾಲೆ ಮಲಗತಿದ್ದ. ಒಂದು ಸಂಜಿ ಅಂವ ಕೊರಗಪ್ಪಗ ಕೇಳಿದ್ದು ನನಗ ಮ್ಯಾಲೆ ಕೇಳಿಸ್ತು. "ತಮ್ಮಾ, ಒಂದು ವೇಳೆ ಲಂಡನ್ ತಡ ಆದ್ರೆ, ಬೆಳಗಿನ ಕಡೆತ ನಾನು ಮಾಡ್ಲಾ? ನೀನು ಮಧ್ಯಾಹ್ನದ್ದು ಮಾಡು."

"ಎಂಥಕ್ಕೆ? ಎಲೆ ಮೇಲೆ ಕಾಯಿ ಇಟ್ಟು ಕೊಟ್ಟದ್ದು ನೀನೇ. ನಾನು ಕೇಳಿದ್ದಲ್ಲ."

"ಅಲ್ಲ, ಸುಮ್ಮನೆ ಹೇಳಿದೆ."

"ನಂಗೆ ಅವತ್ತೇ ಗೊತ್ತಾಯ್ತು ಅಣ್ಣ. ಆ ಹುಡುಗಿ ಬಂದು ಹೇಳಿದ ದಿನವೇ. ನಾನು ಕಿವುಡ ಅಲ್ಲ. ನೀನು ಕೋಟು ಹಾಕ್ಕೊಂಡು ಕೂತದ್ದು ನೋಡ್ಲಿಕ್ಕೆ ಚಂದ ಇತ್ತು, ಅದಕ್ಕೆ ಸುಮ್ಮನಿದ್ದೆ."

ಶೆಟ್ರು ಬಂದದ್ದು ಒಂದು ಐತವಾರ, ಊಟದ ಹೊತ್ತಿನಾಗ. ಹೋಟೆಲ್ ತುಂಬಿತ್ತು. ದೂಜಣ್ಣ ಚೆಂಡು ಹೂವಿನ ಮಾಲಿ ತರಿಸಿದ್ದ, ಹಾಕ್ಲಿಕ್ಕೆ ಚೆನ್ನಯಣ್ಣನ್ನ ಮುಂದ ನೂಕಿದ. ನಾನೂ ನಮ್ಮವ್ವನೂ ಹಿತ್ತಲ ಬಾಗಿಲಿನಾಗ ನಿಂತಿದ್ವಿ.

ಶೆಟ್ರು ಮಾಲಿ ನೋಡಿದ್ರು, ಕೋಟು ನೋಡಿದ್ರು, ನೋಡ್ಕೋತ ನಿಂತ್ರು. ಆಮ್ಯಾಲೆ ನಗಲಿಕ್ಕೆ ಶುರು ಮಾಡಿದ್ರು. ಸಿಟ್ಟಿಗೆ ಬರ್ತಾರ ಅಂತ ನಾನು ತಿಳ್ಕೊಂಡಿದ್ದೆ, ಇಲ್ಲ, ನಕ್ಕರು, ಕುರ್ಚಿ ಹಿಡಕೊಂಡು ನಕ್ಕರು.

"ಇದು ಎಂಥ ವೇಷ ಇವಂದು?"

"ತಾರು ಬಂತಲ್ಲ ಧಣಿ" ಅಂದ ದೂಜಣ್ಣ. "ಹಿಟ್ಟು ಉಕ್ಕಿತು ಅಂತ."

"ಉಕ್ಕಿದ್ದೇ ಹೌದು. ರೋಮ್ ಬಿಟ್ಟು ಸ್ವಲ್ಪ ಹೊತ್ತಿಗೆ ಮುಚ್ಚಳ ಠಪ್ ಅಂತ ಹಾರಿತು. ನನ್ನ ಸೂಟು ಹೋಯ್ತು. ಪಕ್ಕದಲ್ಲಿ ಒಂದು ಬಿಳಿ ಮಡ್ಡಮ್ಮ ಇದ್ಲು, ಅವಳ ಟೊಪ್ಪಿ ಮೇಲೆ ಇಷ್ಟು. ಇಡೀ ವಿಮಾನ ಹುಳಿ ನಾತ. ಅವಳು ಮೂಗು ಮುಚ್ಕೊಂಡು ನನ್ನನ್ನು ನೋಡಿದ್ದು ಹೇಗೆ ಅಂದ್ರೆ..." ಶೆಟ್ರು ಮೂಗು ಮುಚ್ಚಿ ತೋರ್ಸಿದ್ರು. ಗಿರಾಕಿಗಳು ನಕ್ಕರು. "ತಳದಲ್ಲಿ ಉಳಿದದ್ರಲ್ಲಿ ನಾಲ್ಕು ಇಡ್ಲಿ ಮಾಡಿದೆ. ಪಾರ್ಟ್ನರ್ ಒಂದು ಬಾಯಿಗೆ ಹಾಕಿದ, ಕರ್ಚೀಫಿಗೆ ಉಗಿದ. ಈಗ ಮಿಠಾಯಿ ಅಂಗಡಿ ಹಾಕ್ತಾನಂತೆ. ಇವನಿಗೆ ಬೈದು ಬರೀಬೇಕು ಅಂತ ಪೋಸ್ಟಾಫೀಸಿಗೆ ಹೋದೆ, ಕೌಂಟರಿನ ಹೆಂಗಸು ನೋಡ್ತಾ ಇದ್ಲು, ಮರ್ಯಾದೆಗೆ ಅಷ್ಟೇ ಬರ್ದೆ. ನೀವು ಅದಕ್ಕೆ ಹೂವಿನ ಮಾಲೆ ತಂದ್ರಾ?"

ಮೊದಲ ನಕ್ಕಾಂವ ದೂಜಣ್ಣನ. ಶುಭ ಶುಭ ಅಂತ ಟೇಬಲ್ ಬಡದ ಅದ ದೂಜಣ್ಣ. ಆಮ್ಯಾಲೆ ಎಲ್ಲಾರೂ. ಕಾಂದಿವಲಿ ಫೋರ್‌ಮನ್ ಸಾಂಬಾರದಾಗ ಉಸಿರು ಸಿಕ್ಕೊಂಡು ಕೆಮ್ಮಿದ. ಚೆನ್ನಯಣ್ಣ ಮಾಲಿ ಎರಡೂ ಕೈಯಾಗ ಹಿಡಕೊಂಡು ನಿಂತಿದ್ದ, ಕೆಳಗ ಇಡಬೇಕೋ ಹಾಕಬೇಕೋ ತಿಳೀಲಿಲ್ಲ ಅಂವಗ.

ನನಗ ತಡಕೊಳ್ಳಿಕ್ಕಾಗಲಿಲ್ಲ, ಒಳಗ ಹೋಗಿಬಿಟ್ಟೆ. "ಅವನ ತಪ್ಪಿಲ್ಲರಿ. ಟೈಮ್‌ಟೇಬಲ್ಲಿನಾಗ ಲೋಕಲ್ ಅಂತ ಇತ್ತು. ಇಪ್ಪತ್ತಾರು ತಾಸಿನ ದಾರಿ, ನಾವು ಇಪ್ಪತ್ತೂವರೆ ಅಂತ..."

"ನಾವು ಅಂದ್ರೆ? ಇವನಿಗೆ ಹೇಳಿಕೊಟ್ಟದ್ದು ನೀನಾ?" ಶೆಟ್ರ ನಗು ನಿಂತಿತು. ಅವರು ನಮ್ಮ ಚಾಳಿನ ಮಾಲಕರೂ ಹೌದು. ಹಿಂದ ಬಾಗಿಲಿನಾಗ ನಮ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ಲು.

"ಇಲ್ಲ ಧಣಿ" ಅಂದ ಚೆನ್ನಯಣ್ಣ. "ಅವರು ಪುಸ್ತಕ ಓದಿದ್ದು ಮಾತ್ರ. ಲೆಕ್ಕ ನಂದೇ."

ನಾನು ಸುಮ್ಮನಾದೆ. ಖರೇ ಹೇಳ್ಬೇಕಂದ್ರ, ಸುಮ್ಮನಾದೆ.

"ಹೇಳಿದ್ದೆನಲ್ಲ" ಅಂದ್ರು ಶೆಟ್ರು, "ಎರಡ್ರಲ್ಲಿ ಒಂದು ಅಂತ."

"ಧಣಿ, ಉದ್ದು ತೊಳ್ಕೊಂಡು, ಕಟ್ಟಿಗೆ ಹಾಕ್ಕೊಂಡು ಮೂಲೆಯಲ್ಲಿ ಇರ್ತೇನೆ."

"ಉದ್ದು ತೊಳೀಲಿಕ್ಕೆ ಕೊರಗಪ್ಪನಿಗೆ ಕೈ ಇಲ್ವಾ? ನಾಳೆ ಹೊರಡು. ಹೊರಡುವ ಮೊದಲು ಹದ ಎಲ್ಲ ಇವನಿಗೆ ಹೇಳಿಕೊಡು. ಆ ಕೋಟು ತೆಗಿ, ಗಿರಾಕಿಗಳು ಊಟ ಮಾಡ್ಲಿ."

ಮರುದಿನ ನಾನು ಕಾಲೇಜಿಗೆ ಹೋಗ್ಲಿಲ್ಲ. ಗ್ಯಾಲರಿಯಿಂದ ನೋಡ್ಕೋತ ಕೂತೆ. ಚೆನ್ನಯಣ್ಣ ಕಲ್ಲಿನ ಬಾಜೂಕ್ಕ ನಿಂತು ಹೇಳ್ತಿದ್ದ, ಕೊರಗಪ್ಪ ಇದ್ದಲಿ ತಗೊಂಡು ಗ್ವಾಡಿ ಮ್ಯಾಲೆ ಬರೀತಿದ್ದ. ಅಕ್ಕಿ ಮೂರು, ಉದ್ದು ಒಂದು. ಮಳಿಗಾಲದಾಗ ಉದ್ದು ಒಂದು ಹಿಡಿ ಕಮ್ಮಿ. ಹಳೇ ಉದ್ದಾದ್ರ ಎರಡು ಹಿಡಿ ಹೆಚ್ಚು. ರುಬ್ಬಿದ ಉದ್ದಿನ ನೊರಿ ನೀರಾಗ ತೇಲಿದ್ರ ಆತು. ಅಕ್ಕಿ ಸಣ್ಣ ರವಾದಂಗ, ನುಣ್ಣಗ ಅಲ್ಲ. ಹಂಡೇಕ್ಕ ಕಿವಿ ಹಚ್ಚಿ ಕೇಳೋದು, ಸಪ್ಪಳ ನಿಂತ ಮ್ಯಾಲೆ ಅರ್ಧಾ ತಾಸಿನೊಳಗ ಉಪ್ಪು. ಒಂದನ್ನೂ ಮುಚ್ಚಿಡಲಿಲ್ಲ ಅಂವ. ಕೊರಗಪ್ಪ ಕೇಳದಿದ್ದದ್ದನ್ನೂ ಹೇಳಿದ. ಹನ್ನೊಂದು ಸಾಲಿಗೆ ಮುಗೀತು.

ಶೆಟ್ರು ಲುಂಗಿ ಮ್ಯಾಲೆ ಎತ್ತಿ ಕಟ್ಕೊಂಡು ಬಂದು ಗ್ವಾಡಿ ಓದಿದ್ರು. ಒಂದು ಸಲ ಓದಿದ್ರು.

"ಇಷ್ಟೆಯಾ?"

"ಇಷ್ಟೇ ಧಣಿ."

"ಇದಕ್ಕೆ ಹದಿನೇಳು ವರ್ಷ ಬೇಕಾಯ್ತಾ ನಿನಗೆ?"

ಚೆನ್ನಯಣ್ಣ ಟ್ರಂಕು ಎತ್ತಿಕೊಂಡ, ಎಡಗೈಲೆ. ಹಿತ್ತಲ ಬಾಗಿಲಿನ ತನಕ ಹೋದ, ಹೊಳ್ಳಿ ಬಂದ, ಗ್ವಾಡಿ ಮುಂದ ನಿಂತು ಒಂದೊಂದ ಅಕ್ಷರ ಕೂಡಿಸಿ ಓದಿದ.

"ನಾಲ್ಕನೇದ್ರಲ್ಲಿ ತಪ್ಪು ಬರ್ದಿದ್ದೀ ಕೊರಗಪ್ಪ" ಅಂದ. "ನೊರೆ ತೇಲಿದ್ರೆ ಸಾಲದು. ತೇಲಿ ಅಲ್ಲೇ ನಿಲ್ಲಬೇಕು. ಅಳಿಸಿ ಸರಿ ಬರಿ."

ಕೊರಗಪ್ಪ ಅಂಗೈಲೆ ಅಳಿಸಿ ಹೊಳ್ಳಿ ಬರದ. ಅಂವ ಬರದು ಮುಗಿಸೋ ತನಕ ಚೆನ್ನಯಣ್ಣ ಟ್ರಂಕು ಹಿಡಕೊಂಡ ನಿಂತಿದ್ದ.